ಫೈಬರ್ ಕೇಬಲ್ ಟಿವಿ ಅಲ್ಲ, ರಸ್ತೆ

ನಮ್ಮ ಕಡೆ ಹೊಸ ಮನೆ ಕಟ್ಟುವವರು ಸಿಟೌಟಿನ ಗ್ರಾನೈಟ್ ಹುಡುಕಿ ಮಂಗಳೂರು ಪೂರ್ತಿ ಸುತ್ತುತ್ತಾರೆ. ಗೇಟಿನ ಡಿಸೈನ್ ದುಬೈಯಿಂದ ವಾಟ್ಸಪ್ಪಿನಲ್ಲಿ ಬರುತ್ತದೆ. ಪ್ರತಿ ರೂಮಿಗೆ ಎಸಿ ಪಾಯಿಂಟ್, ಹೊರಗೆ ಸಿಸಿಟಿವಿ ಪಾಯಿಂಟ್, ತಾರಸಿಯಲ್ಲಿ ಡಿಶ್ ಇಡಲು ಕಬ್ಬಿಣದ ಕಂಬ, ಎಲ್ಲವೂ ಇರುತ್ತದೆ. ಆದರೆ ರಸ್ತೆಯಿಂದ ಹಾಲ್‌ವರೆಗೆ ಫೈಬರ್ ಬರಲು ಒಂದು ಮುಕ್ಕಾಲು ಇಂಚಿನ ಪೈಪ್ ಹೂತಿಡಿ ಎಂದರೆ, "ಅದನ್ನೆಲ್ಲ ಕೇಬಲ್‌ನವರು ನೋಡಿಕೊಳ್ಳುತ್ತಾರೆ" ಎಂಬ ಉತ್ತರ. ಕೇಬಲ್‌ನವರು ಹೇಗೆ ನೋಡಿಕೊಳ್ಳುತ್ತಾರೆ ಎಂದು ನಮಗೆಲ್ಲ ಗೊತ್ತು. ಕಿಟಕಿಯ ಮೂಲೆಯಲ್ಲಿ ಡ್ರಿಲ್ ಹಾಕುತ್ತಾರೆ, ತೆಂಗಿನಮರಕ್ಕೆ ಒಂದು ಸುತ್ತು ಹಾಕಿ ಕಪ್ಪು ವಯರನ್ನು ಎಳೆಯುತ್ತಾರೆ, ಉಳಿದದ್ದನ್ನು ಸುರುಳಿ ಮಾಡಿ ಸನ್‌ಶೇಡಿನ ಕೆಳಗೆ ನೇತು ಹಾಕುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಪೆಟ್ಟಿಗೆಯಲ್ಲಿ ಕೆಂಪು ದೀಪ.

ಇದು ಬರೀ ಮನೆ ಕಟ್ಟುವವರ ಉದಾಸೀನದ ಮಾತಲ್ಲ. ನಾವು ಫೈಬರನ್ನು ಇವತ್ತಿಗೂ ಹಳೆಯ ಕೇಬಲ್ ಟಿವಿಯ ತಮ್ಮ ಎಂದೇ ತಿಳಿದಿದ್ದೇವೆ. ಯಾರೋ ತಂದು ಕೊಡುವ, ಹಾಳಾದರೆ ಯಾರಿಗೋ ಫೋನ್ ಮಾಡಿ ಬೇಡಿಕೊಳ್ಳುವ ಮನರಂಜನೆ ಎಂದು. ನಾನು ಹೇಳುವುದಿಷ್ಟೇ: ಫೈಬರ್ ಒಂದು ರಸ್ತೆ. ಊರಿಗೆ ಒಂದು ಸಲ ಸರಿಯಾಗಿ ಹಾಕಬೇಕು, ಎಲ್ಲರ ಗಾಡಿಗೂ ತೆರೆದಿರಬೇಕು, ಅದರ ಮೇಲೆ ಊರಿನವರಿಗೆ ಹಕ್ಕಿರಬೇಕು. ಒಬ್ಬ ವ್ಯಾಪಾರಿ ತನ್ನ ಗಾಡಿಗೆ ಮಾತ್ರ ರಸ್ತೆ ಮಾಡಿಕೊಂಡು ಉಳಿದವರಿಗೆ ಗೇಟ್ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಫೈಬರಿನಲ್ಲಿ ಸುಮ್ಮನಿದ್ದೇವೆ.

ನಾನು ಟೆಲಿಕಾಂ ಎಂಜಿನಿಯರ್ ಅಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಕುಂಜತ್ತೂರಿನ ಅಂಗಡಿಯವರ ಮಗ. ಆದರೆ ಪೈಪು, ಪಂಪು, ಒತ್ತಡ ಅರ್ಥವಾಗುವವರಿಗೆ ಈ ವಿದ್ಯೆ ಕಷ್ಟವಿಲ್ಲ. ಅದನ್ನು ಮೊದಲು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗೊತ್ತಿಲ್ಲದ ಕಾರಣಕ್ಕೇ ನಾವು ಮೋಸ ಹೋಗುತ್ತಿದ್ದೇವೆ.

ಕರೆಂಟ್ ಬೇಡದ ದಾರಿ

ಹಳೆಯ ಲ್ಯಾಂಡ್‌ಲೈನ್ ನೆನಪಿರುವವರಿಗೆ ತಾಮ್ರದ ತಂತಿಯ ಕಥೆ ಗೊತ್ತು. ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾವನ್ ಎಂಬ ಬ್ರಾಡ್‌ಬ್ಯಾಂಡ್ ತಂದಾಗ 256 ಕೆಬಿಪಿಎಸ್ ಎಂದರೆ ದೊಡ್ಡ ಸಂಗತಿ. ಅದೂ ಎಕ್ಸ್‌ಚೇಂಜಿನ ಹತ್ತಿರ ಇದ್ದವರಿಗೆ. ನಾಲ್ಕೈದು ಕಿಲೋಮೀಟರ್ ದೂರ ಹೋದರೆ ಸಿಗ್ನಲ್ ಸೊರಗುತ್ತಿತ್ತು. ಗುಡುಗು ಮಿಂಚು ಬಂದರೆ ಮೊದಲು ಮೋಡೆಮ್ಮಿನ ತಂತಿ ಕಿತ್ತು ಬಿಡಬೇಕಿತ್ತು, ಮರೆತರೆ ಅದು ಸುಟ್ಟು ಹೋಗುತ್ತಿತ್ತು. ಕೇಬಲ್ ಟಿವಿಯ ದಪ್ಪ ವಯರಿನ ಕಥೆ ಬೇರೆ. ಅದರಲ್ಲಿ ಸಿಗ್ನಲ್ ಮುಂದೆ ಹೋಗಬೇಕಾದರೆ ದಾರಿಯುದ್ದಕ್ಕೂ ಕಂಬದ ಮೇಲೆ ಆಂಪ್ಲಿಫಯರ್ ಬೇಕು, ಅದಕ್ಕೆ ಕರೆಂಟ್ ಬೇಕು. ಮನೆಯಲ್ಲಿ ಕರೆಂಟ್ ಇದ್ದು ದೂರದ ಕಂಬದಲ್ಲಿ ಇಲ್ಲದಿದ್ದರೂ ಟಿವಿ ಬಂದ್.

ಈಗ ಮನೆಗೆ ಬರುವ ಫೈಬರಿನ ವ್ಯವಸ್ಥೆಗೆ ಪಾಸಿವ್ ಆಪ್ಟಿಕಲ್ ನೆಟ್‌ವರ್ಕ್ ಎನ್ನುತ್ತಾರೆ, ಚುಟುಕಾಗಿ ಪಾನ್. ಪಾಸಿವ್ ಎಂದರೆ ದಾರಿಯಲ್ಲಿ ಎಲ್ಲಿಯೂ ಕರೆಂಟ್ ಬೇಡ, ಯಂತ್ರ ಇಲ್ಲ ಎಂದು ಅರ್ಥ. ಒಂದು ತುದಿಯಲ್ಲಿ ಆಪರೇಟರನ ಕೋಣೆಯಲ್ಲಿ ಓಎಲ್‌ಟಿ ಎಂಬ ದೊಡ್ಡ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ನಮ್ಮ ಮನೆಯ ಓಎನ್‌ಟಿ ಎಂಬ ಸಣ್ಣ ಪೆಟ್ಟಿಗೆ. ನಡುವೆ ಇರುವುದು ಬರೀ ಗಾಜು. ಒಂದು ಎಳೆಯಲ್ಲಿ ಬರುವ ಬೆಳಕನ್ನು ಸ್ಪ್ಲಿಟರ್ ಎಂಬ ಗಾಜಿನ ತುಂಡು 8, 16, 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಹೊಸತಲ್ಲ: ಮೇಲೆ ಒಂದು ಟ್ಯಾಂಕ್, ಕೆಳಗೆ ಒಂದು ಮೇನ್ ಪೈಪ್, ಅದಕ್ಕೆ ಟೀ ಹಾಕಿ ಹಾಕಿ ಕವಲು. ನಡುವೆ ಪಂಪ್ ಇಲ್ಲ.

ಪಂಪ್ ಇಲ್ಲದ ಪೈಪಿನಲ್ಲಿ ಒತ್ತಡದ ಲೆಕ್ಕ ಇಡಲೇಬೇಕು. ಇಲ್ಲಿ ಅದನ್ನು ಡೆಸಿಬೆಲ್‌ನಲ್ಲಿ ಇಡುತ್ತಾರೆ, 3 ಡಿಬಿ ಹೋದರೆ ಬೆಳಕು ಅರ್ಧ ಹೋಯಿತು ಎಂದು ಲೆಕ್ಕ. ಸಾಮಾನ್ಯವಾಗಿ ಬಳಸುವ ದರ್ಜೆಯಲ್ಲಿ ಕೈಯಲ್ಲಿರುವ ಒಟ್ಟು ಬಂಡವಾಳ 28 ಡಿಬಿ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡಿಬಿ ತಿನ್ನುತ್ತದೆ. ಗಾಜು ಕಿಲೋಮೀಟರಿಗೆ ಸುಮಾರು 0.35 ಡಿಬಿ ತಿನ್ನುತ್ತದೆ, ಅಂದರೆ 5 ಕಿಲೋಮೀಟರಿಗೆ ಎರಡಕ್ಕಿಂತ ಕಡಿಮೆ. ಯಂತ್ರದಲ್ಲಿ ಕಾಯಿಸಿ ಬೆಸೆದ ಒಳ್ಳೆಯ ಜಾಯಿಂಟ್ 0.1 ಡಿಬಿಯನ್ನೂ ತಿನ್ನುವುದಿಲ್ಲ. ಹಾಗಾದರೆ ಸರಿಯಾಗಿ ಮಾಡಿದ ಲೈನಿನಲ್ಲಿ ಏಳೆಂಟು ಡಿಬಿ ಉಳಿತಾಯವೇ ಇರುತ್ತದೆ. ಆ ಉಳಿತಾಯ ಎಲ್ಲಿ ಹೋಗುತ್ತದೆ? ಟೇಪ್ ಸುತ್ತಿದ ಜಾಯಿಂಟಿನಲ್ಲಿ, ನೀರು ನುಗ್ಗಿದ ಬಾಕ್ಸಿನಲ್ಲಿ, ಕಿಟಕಿ ಮೂಲೆಯಲ್ಲಿ ಮಡಚಿದ ವಯರಿನಲ್ಲಿ, ಕಡಿದು ಮತ್ತೆ ಮತ್ತೆ ಸೇರಿಸಿದ ತುಂಡುಗಳಲ್ಲಿ. ಮಳೆಗಾಲದಲ್ಲಿ ನೆಟ್ ಹೋಗುವುದಕ್ಕೆ ಮಳೆ ಕಾರಣವಲ್ಲ. ಗಾಜಿಗೆ ಮಳೆಯ ಭಯವಿಲ್ಲ, ಅದರಲ್ಲಿ ಕರೆಂಟೂ ಹರಿಯುವುದಿಲ್ಲ. ಕೆಟ್ಟ ಕೆಲಸಕ್ಕೆ ಮಳೆಯ ಭಯ.

ಗಾಜು ಅದೇ, ಪೆಟ್ಟಿಗೆ ಬೇರೆ

ಈ ಗಾಜಿನ ಚರಿತ್ರೆಯಲ್ಲಿ ನಮ್ಮ ಜಗಳಕ್ಕೆ ಬೇಕಾದ ಮುಖ್ಯ ಸಾಕ್ಷಿ ಇದೆ.

ಚಾರ್ಲ್ಸ್ ಕಾವೊ ಎಂಬ ವಿಜ್ಞಾನಿ 1966ರಲ್ಲಿ, ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಅದರೊಳಗೆ ಬೆಳಕಿನಿಂದ ದೂರಕ್ಕೆ ಮಾತು ಕಳಿಸಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. ಆ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು. ಕಾವೊ ಇಟ್ಟ ಗುರಿ ಕಿಲೋಮೀಟರಿಗೆ 20 ಡಿಬಿ ನಷ್ಟ, ಅಂದರೆ ಒಂದು ಕಿಲೋಮೀಟರ್ ಹೋಗುವಾಗ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು. ಅಮೆರಿಕದ ಕಾರ್ನಿಂಗ್ ಕಂಪನಿ 1970ರಲ್ಲಿ ಆ ಗುರಿ ದಾಟಿತು. ಇವತ್ತಿನ ಗಾಜಿನಲ್ಲಿ 20 ಕಿಲೋಮೀಟರ್ ಹೋದ ಮೇಲೂ ಐದರಲ್ಲಿ ಒಂದು ಪಾಲು ಉಳಿಯುತ್ತದೆ.

ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಉಪಾಯವನ್ನು 1980ರ ದಶಕದಲ್ಲಿ ಬ್ರಿಟಿಷ್ ಟೆಲಿಕಾಂನವರು ಟೆಲಿಫೋನಿಗಾಗಿ ಪರೀಕ್ಷಿಸಿದರು. 1995ರಲ್ಲಿ ಹಲವು ದೇಶಗಳ ಟೆಲಿಫೋನ್ ಕಂಪನಿಗಳು ಸೇರಿ, ಎಲ್ಲರಿಗೂ ಒಂದೇ ನಿಯಮ ಇರಲಿ ಎಂದು ಕೂತವು. 1998ರಲ್ಲಿ ಬಂದ ಮೊದಲ ನಿಯಮದಲ್ಲಿ ಕೆಳಕ್ಕೆ 155 ಅಥವಾ 622 ಎಂಬಿಪಿಎಸ್. 2003ರಲ್ಲಿ ಜಿಪಾನ್ ಎಂಬ ನಿಯಮ ಹುಟ್ಟಿತು: ಕೆಳಕ್ಕೆ 2.5 ಜಿಬಿಪಿಎಸ್, ಮೇಲಕ್ಕೆ 1.25. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇವತ್ತು ಇರುವುದು ಇದೇ ಜಿಪಾನ್ ಅಥವಾ 2004ರಲ್ಲಿ ಬಂದ ಅದರ ಸೋದರ ಇಪಾನ್. 2016ರಲ್ಲಿ ಎರಡೂ ಕಡೆಗೆ 10 ಜಿಬಿಪಿಎಸ್ ಕೊಡುವ ಎಕ್ಸ್‌ಜಿಎಸ್-ಪಾನ್ ಬಂತು. 2021ರಲ್ಲಿ 50 ಜಿಬಿಪಿಎಸ್‌ನ ನಿಯಮವೂ ಸಿದ್ಧವಾಯಿತು.

155 ಎಂಬಿಯಿಂದ 50 ಜಿಬಿ ಎಂದರೆ ಮುನ್ನೂರು ಪಟ್ಟಿಗಿಂತ ಹೆಚ್ಚು. ಇಷ್ಟೆಲ್ಲ ಏರಿದ್ದಕ್ಕೆ ಗಾಜು ಬದಲಾಯಿಸಬೇಕಾಯಿತೇ? ಇಲ್ಲ. ಎರಡು ತುದಿಯ ಪೆಟ್ಟಿಗೆಗಳು ಮಾತ್ರ ಬದಲಾದವು. ಜಿಪಾನ್ 1490 ಮತ್ತು 1310 ನ್ಯಾನೋಮೀಟರಿನ ಬೆಳಕು ಬಳಸುತ್ತದೆ, ಎಕ್ಸ್‌ಜಿಎಸ್-ಪಾನ್ 1577 ಮತ್ತು 1270ರ ಬೆಳಕು. ಬಣ್ಣ ಬೇರೆಯಾದ್ದರಿಂದ ಎರಡೂ ಒಂದೇ ಎಳೆಯಲ್ಲಿ, ಒಂದೇ ಸ್ಪ್ಲಿಟರಿನಲ್ಲಿ, ಒಂದರ ಕಾಲು ಇನ್ನೊಂದು ತುಳಿಯದೆ ಹೋಗುತ್ತವೆ. ಪಕ್ಕದ ಮನೆಯವರು ಹಳೆಯ ಪೆಟ್ಟಿಗೆಯಲ್ಲಿರಲಿ, ನೀವು ಹೊಸದರಲ್ಲಿರಿ, ಗಾಜು ಇಬ್ಬರನ್ನೂ ಹೊರುತ್ತದೆ.

ಈಗ ರಸ್ತೆಯ ಮಾತಿಗೆ ಬನ್ನಿ. ಎತ್ತಿನಗಾಡಿ ಹೋಗಿ ಲಾರಿ ಬಂತು, ಲಾರಿ ಹೋಗಿ ಕಂಟೇನರ್ ಬಂತು, ಆದರೆ ರಸ್ತೆ ಇದ್ದಲ್ಲೇ ಇದೆ. ಪಾನ್ ಜಾಲದಲ್ಲಿ ಗಾಜು, ಕಂಬ ಮತ್ತು ಸ್ಪ್ಲಿಟರ್ ದಶಕಗಟ್ಟಲೆ ಬಾಳುವ ಭಾಗ. ಪೆಟ್ಟಿಗೆಗಳು ಐದೋ ಹತ್ತೋ ವರ್ಷದ ಗಾಡಿ. ಗಾಡಿಯಲ್ಲಿ ಸ್ಪರ್ಧೆ ಇರಲಿ, ಒಳ್ಳೆಯದು. ರಸ್ತೆಯನ್ನು ಪ್ರತಿಯೊಬ್ಬ ಗಾಡಿಯವನೂ ಬೇರೆ ಬೇರೆ ಹಾಕುವುದು ಹುಚ್ಚುತನ.

ಹೆದ್ದಾರಿಗೆ ಆರು, ಓಣಿಗೆ ಸೊನ್ನೆ

ಆ ಹುಚ್ಚುತನವೇ ನಮ್ಮಲ್ಲಿ ನಡೆಯುತ್ತಿರುವುದು. ತಲಪಾಡಿಯಿಂದ ಮಂಜೇಶ್ವರದ ಕಡೆ ಬರುವಾಗ ಕಂಬಗಳ ಕಡೆ ತಲೆ ಎತ್ತಿ ನೋಡಿ. ಒಂದರ ಮೇಲೊಂದು ಕಪ್ಪು ವಯರಿನ ಹೊರೆ. ಒಬ್ಬೊಬ್ಬರದು ಒಂದೊಂದು ಗಾಜು, ಒಂದೊಂದು ಸ್ಪ್ಲಿಟರ್, ಒಂದೊಂದು ಜಾಯಿಂಟ್ ಬಾಕ್ಸ್. ಹೆಚ್ಚು ಗಿರಾಕಿ ಸಿಗುವ ಕಡೆ ಎಲ್ಲರೂ ಬಂದು ಬಿದ್ದಿದ್ದಾರೆ. ಅದೇ ಹೆದ್ದಾರಿ ಬಿಟ್ಟು ಕಡಪ್ಪುರದ ಕಡೆಗೋ ಗುಡ್ಡದ ಕಡೆಗೋ ಒಳಗಿನ ಓಣಿಗೆ ಇಳಿದರೆ, ಒಬ್ಬರ ವಯರ್ ಇದ್ದರೆ ಪುಣ್ಯ. ಇನ್ನೊಬ್ಬರನ್ನು ಕರೆದರೆ "ಅದು ನಮ್ಮ ಏರಿಯಾ ಅಲ್ಲ" ಎನ್ನುತ್ತಾರೆ. ಆರು ವಯರ್ ಇದ್ದೂ ಆಯ್ಕೆ ಇಲ್ಲದ ಸ್ಥಿತಿ ಇದು.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಕಂಬ ಎಷ್ಟು ಸಲ ಜಾಗ ಬದಲಾಯಿಸಿತು, ಜೆಸಿಬಿಯ ಹಲ್ಲಿಗೆ ಎಷ್ಟು ಸಲ ವಯರ್ ಸಿಕ್ಕಿತು ಎಂದು ರಸ್ತೆ ಬದಿಯ ಅಂಗಡಿಯವರನ್ನು ಕೇಳಿ. ನಮ್ಮ ಅಂಗಡಿಯಲ್ಲಿ ಲೈನ್ ಹೋದ ದಿನ ಉಪ್ಪ ಗಲ್ಲೆಯಲ್ಲಿ ಕೂತು, ಯುಪಿಐ ಹೋಗುತ್ತಿಲ್ಲ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಸುಸ್ತಾಗುತ್ತಿದ್ದರು. ಆಪರೇಟರಿಗೆ ಫೋನ್ ಮಾಡಿದರೆ "ರೋಡ್ ಕೆಲಸದವರು ಕಡಿದದ್ದು", ರೋಡ್ ಕೆಲಸದವರನ್ನು ಕೇಳಿದರೆ "ಅವರು ವಯರ್ ತೆಗೆಯದೆ ಬಿಟ್ಟದ್ದು". ಒಬ್ಬೊಬ್ಬ ಆಪರೇಟರ್ ತನ್ನ ತುಂಡನ್ನು ತಾನು ಜೋಡಿಸಲು ತನ್ನ ಹುಡುಗನನ್ನು ಕಳಿಸುವವರೆಗೆ ಎಲ್ಲರೂ ಕಾಯಬೇಕು. ಒಂದೇ ಕಂಬದಲ್ಲಿ ಒಂದೇ ಜಾಗದಲ್ಲಿ ಕಡಿದ ಆರು ವಯರಿಗೆ ಆರು ಏಣಿ, ಆರು ಯಂತ್ರ, ಆರು ದಿನ. ಈ ಖರ್ಚೆಲ್ಲ ಯಾರ ಬಿಲ್ಲಿನಲ್ಲಿ ಬರುತ್ತದೆ ಎಂದು ಅಂಗಡಿಯವರ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

ಬೇರೆ ದಾರಿ ಇದೆಯೇ? ಇದೆ, ಹೊಸತೂ ಅಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ 1994ರಲ್ಲಿ ಸ್ಟೋಕಾಬ್ ಎಂಬ ನಗರದ ಸ್ವಂತ ಕಂಪನಿ ಮಾಡಿತು. ಅದರ ಕೆಲಸ ಗಾಜು ಹಾಕುವುದು, ಯಾರು ಕೇಳಿದರೂ ಒಂದೇ ಶರತ್ತಿನಲ್ಲಿ ಬಾಡಿಗೆಗೆ ಕೊಡುವುದು. ಇಂಟರ್‌ನೆಟ್ ಮಾರುವವರು ಬೇರೆ. ಸಿಂಗಾಪುರದಲ್ಲೂ ಗಾಜಿನ ಕಂಪನಿಯನ್ನು ಮಾರಾಟದ ಕಂಪನಿಗಳಿಂದ ಬೇರೆ ಇಟ್ಟರು. ನಮ್ಮವರು ದುಡಿಯುವ ಯುಎಇ ಮನೆಗಳಿಗೆ ಫೈಬರ್ ಮುಟ್ಟಿಸುವುದರಲ್ಲಿ ಹಲವು ವರ್ಷಗಳಿಂದ ಜಗತ್ತಿನ ಮೊದಲ ಸಾಲಿನಲ್ಲಿದೆ. ಅಲ್ಲಿ ಗೋಡೆಯಲ್ಲಿ ಪಾಯಿಂಟ್ ನೋಡಿ ಬಂದ ನಮ್ಮ ಹುಡುಗರೇ ಊರಲ್ಲಿ ಮನೆ ಕಟ್ಟುವಾಗ ಪೈಪ್ ಮರೆಯುತ್ತಾರೆ.

ಸರ್ಕಾರದ ಎಳೆ ಎಲ್ಲಿ ನಿಂತಿದೆ?

"ಇದೆಲ್ಲ ಸರ್ಕಾರ ಮಾಡಬೇಕಾದದ್ದು" ಎನ್ನುವವರಿಗೆ ಒಂದು ಮಾತು: ಸರ್ಕಾರ ಮಾಡಿದೆ, ಅರ್ಧ ದಾರಿಗೆ ತಂದು ನಿಲ್ಲಿಸಿದೆ. ಉಳಿದ ಅರ್ಧವನ್ನು ನಾವು ಯಾರೂ ಕೇಳಲಿಲ್ಲ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ. ಅದು ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಾಯಿಸಿಕೊಂಡಿತು, ಗಡುವಿನ ಮೇಲೆ ಗಡುವು ದಾಟಿತು, 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಹೊಸ ರೂಪ ಪಡೆಯಿತು. ಅದರ ಮೊದಲ ಹಂತದಲ್ಲಿ ಬ್ಲಾಕಿನಿಂದ ಪಂಚಾಯತಿಗೆ ಹಾಕಿದ್ದು ಇದೇ ಜಿಪಾನ್. ಅದಕ್ಕೆ ಬೇಕಾದ ತಂತ್ರಜ್ಞಾನವನ್ನು ನಮ್ಮದೇ ಸರ್ಕಾರಿ ಸಂಸ್ಥೆ ಸಿ-ಡಾಟ್ ತಯಾರಿಸಿತು. ಆದರೆ ಯೋಜನೆಯ ಕಣ್ಣು ಪಂಚಾಯತ್ ಆಫೀಸಿನ ಬಾಗಿಲಿನ ತನಕ. ಆಫೀಸಿನಿಂದ ಮನೆಗೆ ಹೋಗುವ ಕೊನೆಯ ಕಿಲೋಮೀಟರ್ ಯಾರ ಪಾಲಿಗೋ ಬಿಟ್ಟದ್ದು.

ಕೇರಳ ಒಂದು ಹೆಜ್ಜೆ ಮುಂದೆ ಹೋಯಿತು ಎನ್ನಬೇಕು. 2023ರ ಜೂನ್ 5ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೆ-ಫೋನ್ ಉದ್ಘಾಟಿಸಿದರು. ಕೆಎಸ್‌ಇಬಿಯೂ ರಾಜ್ಯದ ಐಟಿ ಮೂಲಸೌಕರ್ಯ ಕಂಪನಿಯೂ ಸೇರಿ ಮಾಡಿದ್ದು, ಗಾಜು ಹೋಗುವುದು ಕರೆಂಟಿನ ಕಂಬದ ಮೇಲೆ. ಸುಮಾರು 30,000 ಸರ್ಕಾರಿ ಕಚೇರಿ ಮತ್ತು ಸಂಸ್ಥೆಗಳು, 20 ಲಕ್ಷ ಬಡ ಮನೆಗಳಿಗೆ ಉಚಿತ ಸಂಪರ್ಕ, ಇದು ಮಾತು. ಮೊದಲ ಹಂತದ ಗುರಿ ಎಷ್ಟು? ವಿಧಾನಸಭಾ ಕ್ಷೇತ್ರಕ್ಕೆ 100 ಮನೆಯಂತೆ 140 ಕ್ಷೇತ್ರಕ್ಕೆ 14,000. ನಮ್ಮ ಇಡೀ ಮಂಜೇಶ್ವರ ಕ್ಷೇತ್ರಕ್ಕೆ ನೂರು ಮನೆ! ಒಂದು ಮದುವೆಗೆ ಕರೆಯುವ ಮನೆಗಳೇ ಅದಕ್ಕಿಂತ ಹೆಚ್ಚು.

ಆದರೂ ಈ ಯೋಜನೆಯನ್ನು ಬೈದು ಸುಮ್ಮನಾಗುವವರ ಗುಂಪಿಗೆ ನಾನು ಸೇರುವುದಿಲ್ಲ. ಕೆ-ಫೋನಿಗೆ 2022ರಲ್ಲಿ ಎರಡು ಅನುಮತಿ ಸಿಕ್ಕಿದೆ. ಒಂದು ಇಂಟರ್‌ನೆಟ್ ಮಾರುವುದಕ್ಕೆ. ಇನ್ನೊಂದು ಅದಕ್ಕಿಂತ ಮುಖ್ಯವಾದದ್ದು, ಮೂಲಸೌಕರ್ಯವನ್ನು, ಅಂದರೆ ಖಾಲಿ ಗಾಜನ್ನೇ ಬೇರೆಯವರಿಗೆ ಬಾಡಿಗೆಗೆ ಕೊಡುವುದಕ್ಕೆ. ಸ್ಟಾಕ್‌ಹೋಮ್ ಮಾಡಿದ ಕೆಲಸಕ್ಕೆ ಬೇಕಾದ ಕಾಗದ ನಮ್ಮ ರಾಜ್ಯದ ಕೈಯಲ್ಲಿ ಈಗಾಗಲೇ ಇದೆ. ಕಂಬವೂ ಸರ್ಕಾರದ್ದೇ. ಕೇಂದ್ರದ 2023ರ ಟೆಲಿಕಮ್ಯುನಿಕೇಶನ್ಸ್ ಆಕ್ಟ್‌ನಲ್ಲಿ ಎಲ್ಲರೂ ಬಳಸುವ ಸಾಮಾನ್ಯ ಡಕ್ಟ್ ಮತ್ತು ಕೇಬಲ್ ಕಾರಿಡಾರ್ ಎಂಬ ಮಾತೂ ಇದೆ. ಕಾನೂನು ಇದೆ, ಕಂಬ ಇದೆ, ಗಾಜು ಇದೆ. ಇಲ್ಲದ್ದು ಕೇಳುವ ಬಾಯಿ.

"ಮೊಬೈಲ್ ಇದೆಯಲ್ಲ?"

ನನಗೆ ಅತಿ ಹೆಚ್ಚು ಸಿಗುವ ಉತ್ತರ ಇದು. ಫೈವ್‌ಜಿ ಬಂದಿದೆ, ಪ್ರತಿಯೊಬ್ಬರ ಕೈಯಲ್ಲಿ ಫೋನ್ ಇದೆ, ಗಾಜು ಯಾಕೆ?

ಮೊದಲನೆಯದು, ಟವರಿನಿಂದ ಫೋನಿಗೆ ಬರುವುದು ಮಾತ್ರ ಗಾಳಿಯಲ್ಲಿ. ಫೈವ್‌ಜಿ ಟವರಿನ ಬುಡಕ್ಕೆ ಬರುವುದು ಹೆಚ್ಚಾಗಿ ಇದೇ ಗಾಜು. ಗಾಜು ಬೇಡ ಎನ್ನುವುದು, ನಲ್ಲಿ ಇದೆ ಬಾವಿ ಯಾಕೆ ಎಂದ ಹಾಗೆ.

ಎರಡನೆಯದು, ನಮ್ಮ ಊರು ಗಡಿ. ತಲಪಾಡಿಯ ಆಚೆಯ ಟವರ್ ಹಿಡಿದು ಮನೆಯೊಳಗೆ ಕೂತೇ ರೋಮಿಂಗ್ ದುಡ್ಡು ಕಟ್ಟಿದ ಕಾಲ ನಮ್ಮ ಉಮ್ಮಂದಿರಿಗೂ ನೆನಪಿದೆ. ದುಡ್ಡು ಹೋಯಿತು, ಟವರಿನ ಎಳೆದಾಟ ಹೋಗಿಲ್ಲ. ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಒಳಗಿನ ರೂಮಿಗೆ ಒಂದು ಕಡ್ಡಿ ಸಿಗ್ನಲ್. ಒಂದು ಟವರನ್ನು ಊರೆಲ್ಲ ಹಂಚಿಕೊಳ್ಳುತ್ತದೆ, ಮಗ್ರಿಬ್ ಕಳೆದು ಎಲ್ಲರೂ ಫೋನ್ ಹಿಡಿದಾಗ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಫೈಬರಿನಲ್ಲೂ ಹಂಚಿಕೆ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಜಿಪಾನಿನ 2.5 ಜಿಬಿಯನ್ನು 32 ಮನೆಗೆ ಹಂಚಿದರೆ, ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೂ ಮನೆಗೆ ಸುಮಾರು 77 ಎಂಬಿಪಿಎಸ್ ಸಿಗುತ್ತದೆ. ಮೊಬೈಲ್ ಟವರ್ ಆ ಲೆಕ್ಕ ಕೊಡಲಾರದು.

ಮೂರನೆಯದು 2020. ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ತಡೆದರು. ನಮ್ಮ ಆಸ್ಪತ್ರೆ, ಕಾಲೇಜು, ಹೋಲ್‌ಸೇಲ್ ಅಂಗಡಿ ಎಲ್ಲವೂ ಮಂಗಳೂರಿನಲ್ಲಿ. ಚಿಕಿತ್ಸೆಗೆ ದಾಟಲಾಗದೆ ಸತ್ತವರ ಸುದ್ದಿ ನಾವು ದಿನಾ ಓದಿದೆವು, ವಿಷಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಜೂನ್ 1ರಿಂದ ಶಾಲೆ ವಿಕ್ಟರ್ಸ್ ಚಾನೆಲ್ಲಿನ ಫಸ್ಟ್ ಬೆಲ್‌ನಲ್ಲಿ ಶುರುವಾಯಿತು. ಕನ್ನಡ ಮೀಡಿಯಂ ಮಕ್ಕಳು ತಮ್ಮ ಪಾಠವನ್ನು ಮೊಬೈಲಿನಲ್ಲಿ ಹುಡುಕಿ ನೋಡಬೇಕಾಯಿತು. ಮೂರು ಮಕ್ಕಳಿರುವ ಮನೆಯಲ್ಲಿ ಒಂದು ಫೋನ್, ಒಂದೂವರೆ ಜಿಬಿ ಡೇಟಾ. ಆ ಮನೆಗಳಲ್ಲಿ ಓದು ನಿಲ್ಲಿಸಬೇಕಾಗಿ ಬಂದಾಗ ಫೋನ್ ಮೊದಲು ಯಾರ ಕೈಗೆ ಹೋಯಿತು, ಗಂಡುಮಗನ ಕೈಗೋ ಹೆಣ್ಣುಮಗಳ ಕೈಗೋ? ಉತ್ತರ ನಮಗೇ ಗೊತ್ತಿದೆ. ಗೋಡೆಯಲ್ಲಿ ಒಂದು ಫೈಬರ್ ಇದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

"ನೆಟ್ ಬಂದರೆ ಮಕ್ಕಳು ಕೆಡುತ್ತಾರೆ" ಎನ್ನುವವರಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಕೆಡಲು ಬೇಕಾದ ರೀಲ್ಸ್ ಒಂದು ಕಡ್ಡಿ ಸಿಗ್ನಲ್ಲಿನಲ್ಲೂ ಓಡುತ್ತದೆ. ಓಡದೆ ನಿಲ್ಲುವುದು ಲೈವ್ ಕ್ಲಾಸ್, ಆನ್‌ಲೈನ್ ಇಂಟರ್‌ವ್ಯೂ, ಮನೆಯಲ್ಲಿ ಕೂತು ಮಾಡುವ ಕೆಲಸ. ಫೈಬರ್ ತಡೆದು ನೀವು ತಡೆದದ್ದು ಒಳ್ಳೆಯದನ್ನು ಮಾತ್ರ. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಫಹೀಮಾ ಶಿರಿನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹಾಸ್ಟೆಲ್ಲಿನಲ್ಲಿ ರಾತ್ರಿ ಫೋನ್ ಬಳಸಬಾರದೆಂಬ ನಿಯಮವನ್ನು ಪ್ರಶ್ನಿಸಿ ಹೊರ ಹಾಕಿಸಿಕೊಂಡ ಒಬ್ಬ ವಿದ್ಯಾರ್ಥಿನಿಯ ಪ್ರಕರಣ ಅದು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ನಮ್ಮದೇ ರಾಜ್ಯದ ಒಬ್ಬ ಮುಸ್ಲಿಂ ಹುಡುಗಿ ಹೋರಾಡಿ ಪಡೆದ ಮಾತು. ಗಂಡಸರ ಹರಟೆಯಲ್ಲಿ ಅದು ಒಮ್ಮೆಯಾದರೂ ಬಂದದ್ದು ನಾನು ಕೇಳಿಲ್ಲ.

ಕೇಬಲ್‌ನವರ ಹೊಟ್ಟೆಗೆ ಹೊಡೆಯುವುದೇ?

ಇದು ನ್ಯಾಯದ ಪ್ರಶ್ನೆ. ಕೇಬಲ್ ಹುಡುಗರು ನಮ್ಮವರೇ, ಮಳೆಯಲ್ಲಿ ಕಂಬ ಹತ್ತುವವರು. ಕೇರಳದ ಸಣ್ಣ ಆಪರೇಟರ್‌ಗಳು ಸೇರಿ ಕೇರಳ ವಿಷನ್ ಎಂಬ ತಮ್ಮದೇ ಕಂಪನಿ ಕಟ್ಟಿ ದೊಡ್ಡವರ ಎದುರು ನಿಂತದ್ದು ಸಣ್ಣ ಸಾಧನೆಯಲ್ಲ. ನಾನು ಕೇಳುವುದು ಅವರನ್ನು ಓಡಿಸುವುದನ್ನಲ್ಲ. ಗಾಜು ಎಲ್ಲರದ್ದಾದರೂ ಅದನ್ನು ಕಾಯುವವರು ಬೇಕು, ಕಡಿದರೆ ಬೆಸೆಯುವವರು ಬೇಕು. ಆರು ಕಡೆ ಅರೆಬರೆ ಕೂಲಿಯ ಬದಲು ಒಂದು ಕಡೆ ನಿಗದಿತ ಸಂಬಳದ ಕೆಲಸ ಅದು. ಈ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅದರ ನಡುವೆ ಬೆಳಕು ಹೋಗುವ ತಿರುಳು 9 ಮೈಕ್ರಾನ್. ಒಂದು ತಿರುಳನ್ನು ಇನ್ನೊಂದಕ್ಕೆ ಸರಿಯಾಗಿ ಹೊಂದಿಸಿ ಬೆಸೆಯುವುದು ಕೈಕಸುಬು, ವಿದ್ಯೆ. ನಮ್ಮ ಹುಡುಗರು ಹೆಲ್ಪರ್ ವೀಸಾ ಹುಡುಕುವ ಮೊದಲು ಇದನ್ನು ಕಲಿತರೆ ಊರಲ್ಲೂ ಕೆಲಸ ಇದೆ, ಗಲ್ಫಿನಲ್ಲೂ ಕೆಲಸ ಇದೆ.

ಇನ್ನು ಏನು ಕೇಳಬೇಕು?

ಮನೆಯಿಂದ ಶುರು ಮಾಡೋಣ. ಹೊಸ ಮನೆಗೆ ಕಾಂಪೌಂಡಿನಿಂದ ಹಾಲ್‌ವರೆಗೆ ಚೂಪಾದ ತಿರುವಿಲ್ಲದ ಒಂದು ಪಿವಿಸಿ ಪೈಪ್, ಒಳಗೆ ಎಳೆಯಲು ಒಂದು ಹಗ್ಗ. ಖರ್ಚು ಗೇಟಿನ ಪೈಂಟಿನಷ್ಟೂ ಇಲ್ಲ. ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟರೆ ಕರೆಂಟ್ ಹೋದರೂ ನೆಟ್ ಇರುತ್ತದೆ. ದಾರಿಯಲ್ಲಿ ಕರೆಂಟ್ ಬೇಡ ಎಂದು ಆಗಲೇ ಹೇಳಿದೆನಲ್ಲ, ಎರಡು ತುದಿ ಎಚ್ಚರ ಇದ್ದರೆ ಸಾಕು.

ಆಪರೇಟರನ್ನು ಎರಡು ಪ್ರಶ್ನೆ ಕೇಳಿ. ನಮ್ಮ ಲೈನಿನಲ್ಲಿ ಎಷ್ಟು ಮನೆಗೆ ಸ್ಪ್ಲಿಟ್ ಮಾಡಿದ್ದೀರಿ? ನಮ್ಮ ಪೆಟ್ಟಿಗೆಗೆ ಎಷ್ಟು ಪವರ್ ಬರುತ್ತಿದೆ? ಮೀಟರಿನಲ್ಲಿ ಮೈನಸ್ 20ರ ಆಚೀಚೆ ತೋರಿಸಿದರೆ ಲೈನ್ ಆರೋಗ್ಯವಾಗಿದೆ. ಮೈನಸ್ 27ರ ಹತ್ತಿರ ಬಂದರೆ ಪೆಟ್ಟಿಗೆಯ ಕಣ್ಣು ಮುಚ್ಚುವ ಹಂತ, ಎಲ್ಲೋ ಕೆಟ್ಟ ಜಾಯಿಂಟ್ ಇದೆ ಎಂದು ಅರ್ಥ. ಈ ಎರಡು ಪ್ರಶ್ನೆ ಕೇಳುವ ಗಿರಾಕಿಗೆ "ಮಳೆ ಬಂತಲ್ಲ, ಹಾಗೆ" ಎಂಬ ಉತ್ತರ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಕೊನೆಗೆ ಗ್ರಾಮಸಭೆ. ರಸ್ತೆಗೆ ಡಾಮರು, ಬೀದಿಗೆ ದೀಪ, ಕುಡಿಯುವ ನೀರು, ಇದಕ್ಕೆಲ್ಲ ನಾವು ಹೋಗಿ ಗದ್ದಲ ಮಾಡುತ್ತೇವೆ. ಈ ಸಲ ಇನ್ನೂ ಮೂರು ವಿಷಯ ಬರೆಸಿ. ಕೆ-ಫೋನಿನ ಗಾಜು ನಮ್ಮ ವಾರ್ಡಿನ ಒಳ ಓಣಿಗಳಿಗೆ ಬರಬೇಕು ಮತ್ತು ಯಾವ ಆಪರೇಟರ್ ಕೇಳಿದರೂ ಒಂದೇ ದರಕ್ಕೆ ಬಾಡಿಗೆಗೆ ಸಿಗಬೇಕು. ಪಂಚಾಯತಿನ ಯಾವ ರಸ್ತೆ ಅಗೆದರೂ ಮುಚ್ಚುವ ಮೊದಲು ಒಂದು ಖಾಲಿ ಡಕ್ಟ್ ಇಡಬೇಕು. ಉಚಿತ ಸಂಪರ್ಕಕ್ಕೆ ಅರ್ಹರಾದ ಮನೆಗಳ ಪಟ್ಟಿಯನ್ನು ಕನ್ನಡದಲ್ಲೂ ಪಂಚಾಯತ್ ಬೋರ್ಡಿಗೆ ಹಾಕಬೇಕು. ಜಮಾಅತ್ ಕಮಿಟಿಗಳು ಮಸೀದಿಯ ಪೈಂಟಿಂಗಿಗೆ ಮೀಟಿಂಗ್ ಕರೆಯುವ ಹುಮ್ಮಸ್ಸಿನಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟು, ಗ್ರಾಮಸಭೆಗೆ ಮನೆಗೊಬ್ಬರನ್ನು, ಹೆಂಗಸರನ್ನೂ ಸೇರಿಸಿ, ಕಳಿಸಿದರೆ ಸಾಕು.

ಗಾಜು ಒಮ್ಮೆ ಸರಿಯಾಗಿ ಬಿದ್ದರೆ ನಮ್ಮ ಮಕ್ಕಳ ಮಕ್ಕಳ ತನಕ ಬಾಳುತ್ತದೆ. ಈಗ ಅದು ಯಾರ ಹೆಸರಿಗೆ ಬೀಳುತ್ತದೋ ಅವರದ್ದೇ ಆಗಿ ಉಳಿಯುತ್ತದೆ. ನಮ್ಮ ಹಿರಿಯರು ಗುಡ್ಡದಿಂದ ಕಡಲಿಗೆ ಹೋಗುವ ಕಾಲುದಾರಿಗೂ ಜಗಳಾಡಿ ಜಾಗ ಉಳಿಸಿಕೊಂಡವರು. ಆ ಜಗಳ ಈಗ ಕಂಬದ ಮೇಲಿದೆ.